ಕಿವಿರೋಗದ ಕಪಾಟು

ಕಾಲೇಜಿನ ಮುಖ್ಯ ಗ್ರಂಥಪಾಲಕರ ದೂರು ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂತು: ಗ್ರಂಥಾಲಯದ ವೈದ್ಯಕೀಯ ವಿಭಾಗದ ಕಿವಿರೋಗದ ಕಪಾಟಿನಿಂದ ಸನ್ನೆ ಭಾಷೆಯ ಪುಸ್ತಕಗಳೆಲ್ಲ ಕಳುವಾಗಿವೆ. ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಹೊರಟರು.

ಕಪಾಟಿನಲ್ಲಿ ಎರಡು ಸಾಲು ಖಾಲಿ. ಬಾಗಿಲಿನ ಅಲಾರಂ ಕೂಗಿರಲಿಲ್ಲ, ಕಿಟಕಿಗಳಿಗೆ ಜಾಲರಿಯಿತ್ತು.

"ಹೊರಗೆ ಹೋಗಿಲ್ಲ ಅಂದ್ರೆ ಒಳಗೇ ಇರ್ಬೇಕು," ಎಂದರು ಇನ್‌ಸ್ಪೆಕ್ಟರ್.

"ಲಕ್ಷಗಟ್ಟಲೆ ಪುಸ್ತಕ ಇವೆ ಸರ್," ಎಂದರು ಗ್ರಂಥಪಾಲಕರು. "ಬೆನ್ನ ಮೇಲಿನ ನಂಬರ್ ನೋಡಿಯೇ ಹುಡುಕ್ಬೇಕು."

"ನಂಬರೇ ಬದಲಾಗಿದ್ರೆ?"

ಗ್ರಂಥಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು.

ಇನ್‌ಸ್ಪೆಕ್ಟರ್ ಪೇದೆಯತ್ತ ತಿರುಗಿದರು. "ಇಲ್ಲಿ ಎರಡು ಸಾಲು ಖಾಲಿ ಅಂದ್ರೆ ಎಲ್ಲೋ ಜಾಗ ಸಾಲದೆ ಹೋಗಿರುತ್ತೆ. ಹೆಸರು ಓದ್ತಾ ಕೂರ್ಬೇಡಮ್ಮ, ಎಳೆದು ನೋಡು. ಎಲ್ಲಿ ಬಿಗಿಯಾಗಿದೆ ಹೇಳು."

ಮಧ್ಯಾಹ್ನದ ಹೊತ್ತಿಗೆ ಮೂರನೇ ಮಹಡಿಯಿಂದ ಕೂಗು ಬಂತು. "ಸರ್, ಬೆಳಗಿನ ಬಸ್ಸಿನ ಥರ ತುರುಕಿದಾರೆ!"

ಅದು ಭಾಷಾ ವಿಭಾಗ. ವ್ಯಾಕರಣ, ನಿಘಂಟುಗಳ ನಡುವೆ ಸನ್ನೆ ಭಾಷೆಯ ಪುಸ್ತಕಗಳು. ಪ್ರತಿಯೊಂದರ ಬೆನ್ನಿಗೂ ಹೊಸ ಚೀಟಿ. ಒಂದೂ ಕಳೆದಿರಲಿಲ್ಲ.

ಚೀಟಿ ಮುದ್ರಿಸುವ ಯಂತ್ರವಿದ್ದುದು ಒಂದೇ ಕೋಣೆಯಲ್ಲಿ. ಪುಸ್ತಕಗಳಿಗೆ ವರ್ಗಸಂಖ್ಯೆ ಕೊಡುವ ಸಹಾಯಕಿ ಇವರನ್ನು ಕಂಡೊಡನೆ ಎದ್ದು ನಿಂತಳು.

"ನೀವೇನಾ?" ಎಂದರು ಇನ್‌ಸ್ಪೆಕ್ಟರ್.

"ನಾನೇ."

"ಕಂಪ್ಯೂಟರಲ್ಲಿ ಯಾಕೆ ಬದಲಾಯಿಸ್ಲಿಲ್ಲ?"

"ಅದರ ಪಾಸ್‌ವರ್ಡ್ ಈ ಸಾಹೇಬ್ರ ಹತ್ರ ಇದೆ. ಭಾಷೆ ಪುಸ್ತಕ ಭಾಷೆ ಕಪಾಟಲ್ಲಿರ್ಲಿ ಅಂತ ಕೇಳಿ ಕೇಳಿ ಸಾಕಾಯ್ತು. ಮೊದಲಿಂದ ಹೀಗೇ ಇದೆ ಅಂದ್ರು."

ಗ್ರಂಥಪಾಲಕರ ದನಿ ತಗ್ಗಿತು. "ನೋಡಮ್ಮ, ವಾಪಸ್ ಇಟ್ಬಿಡು. ದೂರು ಇಲ್ಲಿಗೇ ಬಿಡ್ತೀನಿ. ನಿನ್ನ ಕೆಲಸ ಉಳಿಯುತ್ತೆ."

"ಇಡಲ್ಲ ಸರ್."

"ಅರೆಸ್ಟ್ ಮಾಡ್ಬೇಕಾಗುತ್ತೆ," ಎಂದರು ಇನ್‌ಸ್ಪೆಕ್ಟರ್.

"ಮಾಡಿ. ಪಂಚನಾಮೆಯಲ್ಲಿ ಪುಸ್ತಕ ಎಲ್ಲಿ ಸಿಕ್ತು ಅಂತ ಬರೀತೀರಲ್ಲ? ಭಾಷಾ ವಿಭಾಗ ಅಂತ ಸರಿಯಾಗಿ ಬರೀರಿ."

ಇನ್‌ಸ್ಪೆಕ್ಟರ್ ಹಾಗೆಯೇ ಬರೆಸಿದರು. ಕೋರ್ಟಿನ ಆದೇಶ ಬರುವವರೆಗೆ ಪುಸ್ತಕಗಳನ್ನು ಅಲ್ಲಿಂದ ಕದಲಿಸಬಾರದೆಂದೂ ಸೇರಿಸಿದರು.

ಪುಸ್ತಕಗಳು ಹೊರಗೇ ಹೋಗಿರದ ಕಾರಣ ಕಳವಿನ ಆರೋಪ ಬಿದ್ದುಹೋಯಿತು. ಸಂಸ್ಥೆಯ ಸ್ವತ್ತಿನ ಗುರುತು ಬದಲಿಸಿದ್ದಕ್ಕಾಗಿ ಸಂಜೆ ನಾಲ್ಕಕ್ಕೆ ಅವಳ ಬಂಧನವಾಯಿತು. ಕಾರಣವನ್ನು ಅವಳು ಹೇಳಿಕೆಯಲ್ಲಿ ಚುಟುಕಾಗಿ ಕೊಟ್ಟಿದ್ದಳು. ಕಿವಿ ಕೇಳದ ತಂಗಿ ಈ ಕಾಲೇಜಿಗೆ ಸೇರಿದ ದಿನ ತನ್ನ ಭಾಷೆಯ ಪುಸ್ತಕ ಕೇಳಿದ್ದಳು. ಕಿವಿರೋಗದ ಕಪಾಟಿಗೆ ಕಳಿಸಿದ್ದರು. ಬರಿಗೈಯಲ್ಲಿ ಮರಳಿ, "ಅಕ್ಕಾ, ನಮ್ಮ ಮಾತಿಗೂ ಔಷಧಿ ಇದೆಯಂತೆ," ಎಂದು ಕೈಯಲ್ಲೇ ಹೇಳಿ ನಕ್ಕಿದ್ದಳು. ಮತ್ತೆ ಗ್ರಂಥಾಲಯಕ್ಕೆ ಕಾಲಿಟ್ಟಿರಲಿಲ್ಲ.

ಕೆಳಗೆ ಜೀಪಿನ ಬಳಿ ಆ ತಂಗಿ ನಿಂತಿದ್ದಳು. ಪೇದೆ ಸೊಂಟದಿಂದ ಕೋಳ ಹೊರತೆಗೆದಳು.

"ತಡೀರಿ. ಕೈ ಕಟ್ಟಿದ್ರೆ ಅವಳ ಹತ್ರ ಮಾತಾಡೋಕಾಗಲ್ಲ," ಎಂದಳು ಅಕ್ಕ.

ಪೇದೆ ಇನ್‌ಸ್ಪೆಕ್ಟರ್ ಮುಖ ನೋಡಿ, ಕೋಳವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಕ್ಕ ಎರಡೂ ಕೈ ಎತ್ತಿ, ಅವಸರವಿಲ್ಲದೆ, ಏನೋ ಹೇಳಿದಳು. ತಂಗಿ ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದಳು. ಗ್ರಂಥಪಾಲಕರ ಪಕ್ಕದಲ್ಲೇ ಹಾದು ಮೂರನೇ ಮಹಡಿಯ ಮೆಟ್ಟಿಲು ಹತ್ತಿದಳು.