ನಿಂತ ವ್ಯಾನಿನ ವೇಗ

ದೇವರ ಮುಂದೆ ನಿಂತು ಹೇಳುವಂತೆ, ಕಂಡದ್ದನ್ನಷ್ಟೇ ಹೇಳುತ್ತೇನೆ. ಒಂದು ಮಟಮಟ ಮಧ್ಯಾಹ್ನ ನಮ್ಮ ಭಾವ ತಾವು ಓಡಿಸುವ ಶಾಲಾ ವ್ಯಾನನ್ನು ನನ್ನ ಗ್ಯಾರೇಜಿಗೆ ತಂದರು. ಎಂಜಿನ್ ದೀಪ ಆರುತ್ತಿರಲಿಲ್ಲ.

ಸ್ಕ್ಯಾನರ್ ಹಾಕಿದೆ. ಬ್ರೇಕ್ ಸ್ವಿಚ್ಚಿನ ದೋಷದ ಕೋಡ್ ಬಂತು. ದೋಷ ಕಂಡ ಗಳಿಗೆಯಲ್ಲಿ ಗಾಡಿ ಹೇಗಿತ್ತೆಂದು ಎಂಜಿನ್ನಿನ ಕಂಟ್ರೋಲ್ ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತದೆ. ನಾವು ಮೆಕ್ಯಾನಿಕ್‌ಗಳು ಹೆಚ್ಚಾಗಿ ಅದನ್ನು ಓದದೆ ಅಳಿಸಿಬಿಡುತ್ತೇವೆ. ಅಂದು ಓದಿದೆ. ಬ್ರೇಕ್ ಒತ್ತಲಾಗಿದೆ, ವೇಗ ಗಂಟೆಗೆ ಅರವತ್ತೆಂಟು ಕಿಲೋಮೀಟರ್ ಎಂದಿತ್ತು.

ಸ್ವಿಚ್ ಬದಲಿಸಿ ಕೋಡ್ ಅಳಿಸಿದೆ. ಮತ್ತೆ ಬಂತು. ಅದೇ ಬ್ರೇಕ್, ಅದೇ ಅರವತ್ತೆಂಟು. ವ್ಯಾನು ಮಾತ್ರ ಜಾಕಿನ ಮೇಲೆ ನಿಂತಲ್ಲೇ ನಿಂತಿತ್ತು. ಮೂರನೇ ಸಲ ಅಳಿಸುವಾಗ ಸುಟ್ಟ ಟೈರಿನ ವಾಸನೆ ಮೂಗಿಗೆ ಬಡಿಯಿತು.

"ಈ ಪೆಟ್ಟಿಗೆ ಎಲ್ಲಿಂದ ತಂದ್ರಿ ಭಾವ?"

"ಗುಜರಿಯಿಂದ ಕಣೋ. ಆಕ್ಸಿಡೆಂಟಲ್ಲಿ ಜಖಂ ಆದ ಯಾವುದೋ ಶಾಲಾ ವ್ಯಾನಿಂದಂತೆ. ಯಾಕೆ, ಒಳಗೆ ದೆವ್ವ ಕೂತಿದ್ಯಾ? ಬೇಗ ಮುಗಿಸೋ, ನಾಲ್ಕಕ್ಕೆ ಮಕ್ಕಳು ಗೇಟಲ್ಲಿರ್ತಾರೆ."

"ಇದರಲ್ಲಿ ಮಕ್ಕಳನ್ನ ಕೂರಿಸ್ಬೇಡಿ. ನನ್ನ ಕಾರಲ್ಲೇ ಎರಡು ಟ್ರಿಪ್ ಹೊಡೀರಿ" ಎಂದು ಕೀಲಿ ಕೈಗಿಟ್ಟೆ. ಗೊಣಗುತ್ತಲೇ ಹೋದರು.

ಪೆಟ್ಟಿಗೆ ಬಿಚ್ಚಿ ಕಪಾಟಿನಲ್ಲಿಟ್ಟು ಆರು ವರ್ಷವಾಯಿತು. ಅದಕ್ಕೆ ಒಂದು ತಂತಿಯೂ ಇಲ್ಲ. ನಾಲ್ಕು ಗಂಟೆ ದಾಟಿದ ಮೇಲೆ ಮುಟ್ಟಿದರೆ ಕೈ ಸುಡುತ್ತದೆ. ಶಾಲೆಗೆ ರಜೆ ಇರುವ ದಿನ ಮಾತ್ರ ತಣ್ಣಗಿರುತ್ತದೆ.