ಐಸಾ ಅನ್ನುವವರಿಲ್ಲದ ಹಾಡು

ಬಹಳ ಹಿಂದೆ, ಮಾಂತ್ರಿಕರು ರಾಜಾರೋಷವಾಗಿ ಸಿಂಹಾಸನ ಏರಿ ಕೂರುತ್ತಿದ್ದ ಕಾಲದಲ್ಲಿ, ಕರಿಗಲ್ಲು ಎಂಬ ರಾಜ್ಯವಿತ್ತು. ಅದರ ರಾಜ ಧೂಮಾಂಗ. ಬಂಡೆ ಎಳೆಯುವವರ ಬೆವರಿನಲ್ಲಿ ಅರಮನೆ ಕಟ್ಟಿಸಿಕೊಂಡ. ಕೆಲಸ ಮುಗಿದ ದಿನ ಅವರನ್ನೇ ಊಟಕ್ಕೆ ಕರೆದು, ಸಾಲಾಗಿ ನಿಲ್ಲಿಸಿ, ಮಂತ್ರ ಹಾಕಿ ಕಂಬ ಮಾಡಿದ. ಚಾವಣಿ ಹೊರಲು ಕಂಬ ಬೇಕಿತ್ತು, ಅಷ್ಟೇ. ಆಸ್ಥಾನದ ಗಂಧರ್ವರು ಮಾತ್ರ ದಿನಾ ಬೆಳಗ್ಗೆ "ಅರಮನೆ ಕಟ್ಟಿದ ಮಹಾಪ್ರಭು" ಎಂದು ಹಾಡುತ್ತಿದ್ದರು. ಮಹಾಪ್ರಭು ಒಂದು ಕಲ್ಲೂ ಎತ್ತಿದವನಲ್ಲ.

ಆ ಕಂಬಗಳಲ್ಲೊಂದು, ಬೊಮ್ಮಿ ಎಂಬ ಹುಡುಗಿಯ ಅಣ್ಣ ಮಾಳ.

ಬಂಡೆ ಎಳೆಯುವ ಹಾಡಿನಲ್ಲಿ ಒಬ್ಬರು ಸಾಲು ಹೇಳಬೇಕು, ಉಳಿದವರು "ಐಸಾ!" ಎಂದು ಹಗ್ಗ ಜಗ್ಗಬೇಕು. ಬೊಮ್ಮಿ ಈಗ ನೀರು ಸೇದುತ್ತಾ ಸಾಲು ಹೇಳಿ ಸುಮ್ಮನಾಗುತ್ತಿದ್ದಳು. ಐಸಾ ಅನ್ನುವವರಿರಲಿಲ್ಲ. ಕೊನೆಗೊಂದು ದಿನ ಏಕತಾರಿ ಹೆಗಲಿಗೇರಿಸಿ, "ಹಾಡುವವಳಾಗಿಯೇ ಆಸ್ಥಾನಕ್ಕೆ ಹೋಗುತ್ತೇನೆ, ಅಣ್ಣನನ್ನು ಕರೆತರುತ್ತೇನೆ" ಎಂದು ಹೊರಟಳು.

ಹೊಳೆಯಲ್ಲಿ ಏಳು ಹೆಡೆಯ ಹಾವು ಅಡ್ಡ ಬಂತು. "ಮನುಷ್ಯರ ಒರಟು ಗಂಟಲು ಅಲ್ಲಿ ನಡೆಯೋದಿಲ್ಲ ಮಗಳೇ. ಗಂಧರ್ವರ ಕಂಠ ಕೊಡ್ತೀನಿ, ತಗೋ."

"ಆ ಕಂಠದಲ್ಲಿ ಕರೆದರೆ ನನ್ನಣ್ಣನಿಗೆ ಗುರುತು ಸಿಗುತ್ತಾ? ದಾರಿ ಬಿಡು."

ಹಾವು ದಾರಿ ಬಿಟ್ಟಿತು.

ಕಾಡಿನಲ್ಲಿ ಯಕ್ಷಿಣಿಯೊಬ್ಬಳು ಚಿನ್ನದ ವೀಣೆ ಚಾಚಿದಳು. "ಒಂಟಿ ತಂತಿಯ ಬುರುಡೆ ಹಿಡಿದು ಎಲ್ಲಿಗೆ ಹೊರಟೆಯೇ, ಭಿಕ್ಷೆಗಾ?"

"ಈ ಬುರುಡೆ ನನ್ನಣ್ಣ ಕೊರೆದದ್ದು. ನಿನ್ನ ಚಿನ್ನ ನೀನೇ ಬಾರಿಸಿಕೋ."

ಯಕ್ಷಿಣಿಯೂ ಸರಿದಳು.

ಅರಮನೆಯ ಬಾಗಿಲಲ್ಲಿ ಒಂದು ಗಿಣಿ ಕೂತಿತ್ತು. ಬೊಮ್ಮಿ ಗುನುಗುತ್ತಾ ಬಂದದ್ದೇ ತಡ, "ಐಸಾ!" ಎಂದಿತು. ಥೇಟ್ ಮಾಳನ ದನಿ. ಬೊಮ್ಮಿ ಅದರ ಮುಂದೆಯೇ ಕೂತಳು.

"ಒಳಗೆ ಯಾಕೆ ಹೋಗಿ ಸಾಯ್ತೀಯ? ಇಲ್ಲೇ ಇರು. ದಿನಾ ಅನ್ನುತ್ತೇನೆ."

"ಇನ್ನೊಂದು ಸಲ ಅನ್ನು" ಎಂದಳು ಬೊಮ್ಮಿ. ಗಿಣಿ ಅಂದಿತು. ಅವಳು ಅತ್ತಳು. ಮತ್ತೂ ಒಮ್ಮೆ ಅನ್ನಿಸಿದಳು. ಆಮೇಲೆ ಕಣ್ಣೊರೆಸಿ ಎದ್ದಳು. "ದನಿ ಅವನದೇ. ಹಗ್ಗ ಎಳೆದವನ ಏದುಸಿರು ಮಾತ್ರ ಇದರಲ್ಲಿಲ್ಲ."

ಒಳಗೆ ಹೋಗಿ ಸಿಂಹಾಸನದ ಮುಂದೆ ನಿಂತು ತಂತಿ ಮೀಟಿದಳು.

"ಬೆಟ್ಟದ ಬಂಡೆ ಅಲುಗಲೋ, ಮಾಳಣ್ಣ..."

ಹೇಳಿ ನಿಲ್ಲಿಸಿದಳು.

"ಉಳಿದರ್ಧ ಹಾಡು ಮನೆಯಲ್ಲೇ ಮರೆತು ಬಂದೆಯಾ?" ಎಂದೊಬ್ಬ ಗಂಧರ್ವ ನಕ್ಕ.

"ಇಲ್ಲ. ಅದು ನಿನ್ನ ತಲೆ ಮೇಲಿನ ಚಾವಣಿ ಹೊತ್ತು ನಿಂತಿದೆ."

ಮತ್ತೆ ಹೇಳಿದಳು.

"ಯಾರು ಎತ್ತಿದ ಕಲ್ಲೋ ಇದು, ಮಾಳಣ್ಣ..."

ಬಾವಿಯ ಆಳದಿಂದ ಬಂದಂತೆ, ಒಂದು ಕಂಬ ಏದುಸಿರು ಬಿಟ್ಟು ಅಂದಿತು: "ಐಸಾ."

"ಅವಳ ಬಾಯಿ ಮುಚ್ಚಿಸಿ!" ಎಂದು ಧೂಮಾಂಗ ಕಿರುಚಿದ. ಅಷ್ಟರಲ್ಲಿ ಅವಳು ಮೂರನೆಯ ಸಾಲು ಹೇಳಿಯಾಗಿತ್ತು. ಕಂಬಗಳೆಲ್ಲ ಒಟ್ಟಿಗೆ "ಐಸಾ!" ಎಂದು ಹೆಗಲು ಕೊಡವಿದವು. ಚಾವಣಿ ಎದ್ದು, ವಾಲಿ, ಸಿಂಹಾಸನದ ಮೇಲೆ ಬಿತ್ತು. ಮಾಂತ್ರಿಕ ಅದರಡಿ ಅಪ್ಪಚ್ಚಿಯಾದ. ಗಂಧರ್ವರು ಕಿಟಕಿ ಹಾರಿ ಓಡಿದರು. ಧೂಳು ಇಳಿದಾಗ ಕಂಬಗಳಿದ್ದಲ್ಲಿ ಮನುಷ್ಯರು ನಿಂತು ಕೆಮ್ಮುತ್ತಿದ್ದರು.

ಆಮೇಲೆ ಆ ರಾಜ್ಯದಲ್ಲಿ ಯಾರೂ ಸಿಂಹಾಸನ ಮಾಡಿಸಲಿಲ್ಲ. ಅರಮನೆಯ ಕಲ್ಲಿನಲ್ಲಿ ಬಾವಿಗೆ ಕಟ್ಟೆ ಕಟ್ಟಿದರು, ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಬೊಮ್ಮಿ ಮಾತ್ರ ನೀರು ಸೇದುವಾಗ ಸಾಲು ಹೇಳಿ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು, ಐಸಾ ಅನ್ನುವವರಿಲ್ಲವೇನೋ ಎಂಬ ಹಿಂದಿನ ಹೆದರಿಕೆಯಲ್ಲೇ. ಹಗ್ಗದ ಇನ್ನೊಂದು ತುದಿಯಿಂದ, ಏದುಸಿರಿನೊಂದಿಗೆ, ಉತ್ತರ ಬರುತ್ತಿತ್ತು.