ಬೀಗದ ಕೋಣೆಯಲ್ಲಿ ಬೋಳಾದ ಬೆಕ್ಕು

"ನನ್ನ ಬೆಕ್ಕಿನ ಹೊಟ್ಟೆ ಯಾರೋ ಬೋಳಿಸ್ತಿದಾರೆ ದೊಡ್ಡಮ್ಮ. ಯಾರು ಅಂತಲೂ ನನಗೆ ಗೊತ್ತು."

ಮಹಡಿ ಮನೆಯ ಟೀಚರಮ್ಮ ಹೀಗೆಂದು ಕುರ್ಚಿಯಲ್ಲಿ ಕುಸಿದಾಗ ಚಿಕ್ಕಮ್ಮನಿಗೆ ನಗು ಬಂದಿತ್ತು. ಬಂದವಳ ಕಣ್ಣು ಕೆಂಪಾಗಿರುವುದನ್ನು ಕಂಡು ಅದನ್ನು ನುಂಗಿಕೊಂಡು, ಚಹಾಕ್ಕೆ ನೀರಿಟ್ಟಳು.

ಕೆಳಮನೆಯ ಈ ಅಕ್ಕತಂಗಿಯರು ಇಡೀ ಕಟ್ಟಡಕ್ಕೇ ದೊಡ್ಡಮ್ಮ, ಚಿಕ್ಕಮ್ಮ. ದೊಡ್ಡಮ್ಮ ವಿಮಾ ಕಂಪನಿಯಲ್ಲಿದ್ದಾಗ ಸುಟ್ಟ ಅಂಗಡಿಗಳನ್ನು ನೋಡಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುತ್ತಿದ್ದವಳು. ನಿವೃತ್ತಿಯಾದರೂ ಆ ಚಟ ಬಿಟ್ಟಿರಲಿಲ್ಲ. ಉಂಗುರ ಕಳೆಯಲಿ, ಗೋಡೆಯ ಮೇಲೆ ಯಾರಾದರೂ ಗೀಚಲಿ, ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಚಿಕ್ಕಮ್ಮನ ಪಾಲಿಗೆ ಉಳಿದದ್ದು ಚಹಾ ಮಾಡುವ ಕೆಲಸ, ಮತ್ತೆ ಎಲ್ಲರಿಗಿಂತ ಮೊದಲು ತಪ್ಪು ಊಹಿಸುವ ಕೆಲಸ.

ಟೀಚರಮ್ಮನ ಮೈದುನ ಹಿಂದಿನ ಕೋಣೆಯಲ್ಲಿ ಕೂತು ಚಿತ್ರಕಾರರಿಗೆ ಕುಂಚ ಮಾಡುತ್ತಿದ್ದ. ಸಣ್ಣ ಹುಡುಗನಾಗಿದ್ದಾಗಿನಿಂದ ಅತ್ತಿಗೆಯ ಕೈತುತ್ತು ತಿಂದು ಬೆಳೆದವನು. ಈಚೆಗೆ ಅವನಿಗೆ ನಯವಾದ ಕುಂಚಗಳಿಗಾಗಿ ದೊಡ್ಡ ಆರ್ಡರ್ ಬಂದಿತ್ತು. ಅದೇ ಹೊತ್ತಿಗೆ, ಆಗಷ್ಟೇ ವರ್ಷ ತುಂಬಿದ ಬೆಕ್ಕು ರೇಷ್ಮೆಯ ತೊಡೆಯ ಒಳಗೆ ಕೂದಲು ಹೋಗಿ ಗುಲಾಬಿ ಚರ್ಮ ಕಂಡಿತು. ಪಶುವೈದ್ಯರು ಮೈಯೆಲ್ಲ ತಡಕಿ, ಪರೀಕ್ಷೆ ಮಾಡಿಸಿ, ಚಿಗಟವಿಲ್ಲ, ಹುಳುಕಡ್ಡಿಯಿಲ್ಲ, ಅಲರ್ಜಿಯಿಲ್ಲ, ಎಲ್ಲೂ ನೋವಿಲ್ಲ ಎಂದರು. ಇನ್ನೂ ಏನೋ ಹೇಳುತ್ತಿದ್ದರಂತೆ, ಇವಳು ಅಷ್ಟರಲ್ಲಿ ಎದ್ದು ಬಂದಿದ್ದಳು.

"ಬೆಕ್ಕಿಗೆ ರೋಗ ಇಲ್ಲ ಅಂದ್ಮೇಲೆ ಇದು ಮನುಷ್ಯರ ಕೆಲಸ ತಾನೆ? ನಮ್ಮನೇಲಿ ಕೂದಲು ಬೇಕಾಗಿರೋದು ಒಬ್ಬನಿಗೇ" ಎಂದಳು ಟೀಚರಮ್ಮ.

ಅಂದಿನಿಂದ ಶಾಲೆಗೆ ಹೋಗುವಾಗ ಬೆಕ್ಕನ್ನು ಮುಂದಿನ ಮಲಗುವ ಕೋಣೆಯಲ್ಲಿ ಕೂಡಿ ಬೀಗ ಹಾಕಿ, ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಆದರೂ ಹೊಟ್ಟೆಯಿಡೀ ಬೋಳಾಯಿತು. ಅವನು ಕಳ್ಳಕೀಲಿ ಮಾಡಿಸಿದ್ದಾನೆಂದು ಮಾತಿಗೆ ಮಾತು ಬೆಳೆಯಿತು.

"ಸಂಜೆ ಮನೆ ಬಿಟ್ಟು ಹೋಗ್ತಾನಂತೆ. ಹೋಗ್ಲಿ" ಎಂದು ಅವಳು ಚಹಾದ ಲೋಟ ಕೆಳಗಿಟ್ಟು ಎದ್ದಳು.

ಕುಂಚದವನದೇ ಕೆಲಸವೆಂದು ಚಿಕ್ಕಮ್ಮ ಮೆಟ್ಟಿಲು ಹತ್ತುವಾಗಲೇ ತೀರ್ಮಾನಿಸಿಬಿಟ್ಟಿದ್ದಳು. ಹಿಂದಿನ ಕೋಣೆಯಲ್ಲಿ ಅವನು ಬಾಚಣಿಗೆ, ದಾರ, ಅಂಟಿನ ಡಬ್ಬಿಗಳನ್ನು ಬ್ಯಾಗಿಗೆ ತುಂಬುತ್ತಿದ್ದ. ಎತ್ತರದ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಮೊದಲು ರೇಷ್ಮೆ ದಿನವಿಡೀ ಅಲ್ಲೇ ಮಲಗುತ್ತಿತ್ತು. ಬೆಕ್ಕಿನ ಒಂದು ಕೂದಲು ಸೇರಿದರೂ ಕುಂಚದ ತುದಿ ಸೀಳುತ್ತದೆಂದು ಆರ್ಡರ್ ಬಂದ ದಿನವೇ ಅವನು ಬಾಗಿಲು ಮುಚ್ಚಿದ್ದ.

"ಹೊಟ್ಟೆಯ ಕೂದಲು ಬಣ್ಣದಲ್ಲಿ ಅದ್ದಿದ್ರೆ ಮೆತ್ತಗೆ ಮಲಗಿಬಿಡತ್ತೆ, ಕುಂಚಕ್ಕೆ ಬರಲ್ಲ ದೊಡ್ಡಮ್ಮ" ಎಂದ. "ಕಳ್ಳ ಅಂದ್ರೆ ಅನ್ನಿಸ್ಕೋತೀನಿ, ಕೆಲಸ ಗೊತ್ತಿಲ್ಲದ ಕಳ್ಳ ಅನ್ನಿಸ್ಕೊಳ್ಳಲ್ಲ."

ಬೀಗದ ಕೋಣೆಯಲ್ಲಿ ದೊಡ್ಡಮ್ಮ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಕತ್ತು, ತಲೆ, ಬೆನ್ನಿನ ಮೇಲೆ ದಟ್ಟ ಕೂದಲು. ಹೊಟ್ಟೆ ಮತ್ತು ತೊಡೆಯ ಒಳಗೆ ಮಾತ್ರ ಬೋಳು, ಬೆರಳಾಡಿಸಿದರೆ ಮೊಂಡು ತುದಿಗಳ ಒರಟು. ಒಂದು ಗೀರೂ ಇಲ್ಲ. ನೆಲದ ಮೇಲೆ ಉದುರಿದ ಕೂದಲೂ ಇಲ್ಲ. ಚಿಕ್ಕಮ್ಮ ಮಂಚದ ಕೆಳಗೆ ತೂರಿ, ಬೆರಳುದ್ದದ ಒಂದು ಕೂದಲಿನ ಸುರುಳಿಯನ್ನು ಹೊರತೆಗೆದಳು.

"ನೋಡಕ್ಕ, ಕುಂಚಕ್ಕೆ ಅಂತ ಸುತ್ತಿಟ್ಟಿದಾನೆ!"

"ಮೂಸಿ ನೋಡು" ಎಂದಳು ದೊಡ್ಡಮ್ಮ. ಚಿಕ್ಕಮ್ಮ ಮೂಸಿದಳು, ಕೈ ತೊಳೆಯಲು ಓಡಿದಳು.

ತಿರುಗಿ ಬಂದಾಗ ದೊಡ್ಡಮ್ಮ ನೆಲಕ್ಕೆ ಹತ್ತಿರವಿದ್ದ ಕಿಟಕಿಯ ಗಾಜನ್ನು ನೋಡುತ್ತಿದ್ದಳು. ಹೊರಗಡೆ ಕೆಸರಿನ ದೊಡ್ಡ ಹೆಜ್ಜೆಗುರುತು, ಒಳಗಡೆ ಪುಟ್ಟ ಮೂಗಿನ ಒದ್ದೆ ಗುರುತು. ಬೆಕ್ಕು ತುಂಬಾ ನೆಕ್ಕಿಕೊಳ್ಳುತ್ತದೆಯೇ ಎಂದು ಕೇಳಿದಳು.

"ಬೆಕ್ಕಲ್ವಾ, ನೆಕ್ಕತ್ತೆ. ಜಾಸ್ತಿಯಾದ್ರೆ ಗದರಿಸ್ತೀನಿ, ಎತ್ಕೊಂಡು ಮುದ್ದು ಮಾಡ್ತೀನಿ. ಮಂಚದ ಕೆಳಗೆ ಓಡಿಹೋಗತ್ತೆ" ಎಂದಳು ಟೀಚರಮ್ಮ.

ದೊಡ್ಡಮ್ಮ ಪಶುವೈದ್ಯರಿಗೆ ಫೋನ್ ಮಾಡಿ ಅವರ ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಸಂಜೆ ಟೀಚರಮ್ಮ, ಅವಳ ಗಂಡ, ಬ್ಯಾಗು ಹಿಡಿದ ಕುಂಚದವನು, ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿ, ಯಾರೂ ಉಸಿರೆತ್ತಬಾರದು ಎಂದಳು. ಗಂಡನಂತೂ ವಾರದಿಂದ ಎಲ್ಲರ ಜೊತೆಗೂ ಮಾತು ಬಿಟ್ಟಿದ್ದ, ಅವನಿಗೆ ಕಷ್ಟವಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗಿನ ಸಜ್ಜೆಯ ಮೇಲೆ ದಪ್ಪ ತಲೆಯ ಕಂದು ಗಂಡುಬೆಕ್ಕೊಂದು ಬಂದು ಗಾಜಿಗೆ ಮುಖವಿಟ್ಟಿತು. ರೇಷ್ಮೆ ಬಾಲ ಉಬ್ಬಿಸಿ ಅತ್ತಿತ್ತ ನೋಡಿತು. ಹತ್ತಲು ಎತ್ತರವಿಲ್ಲ, ಓಡಲು ತೆರೆದ ಬಾಗಿಲಿಲ್ಲ. ಮಂಚದ ಕೆಳಗೆ ನುಗ್ಗಿತು. ಆಮೇಲೆ ಸದ್ದು ಕೇಳಿಸಿತು, ಮರಳುಕಾಗದದಿಂದ ಉಜ್ಜಿದ ಹಾಗೆ ಬಿಡದೆ ಕೇಳಿಸಿತು. ಚಿಕ್ಕಮ್ಮ ಬಗ್ಗಿ ನೋಡಿದಳು. ರೇಷ್ಮೆ ತನ್ನ ಬೋಳು ಹೊಟ್ಟೆಯನ್ನೇ ನೆಕ್ಕಿಕೊಳ್ಳುತ್ತಿತ್ತು. ಗಂಡುಬೆಕ್ಕು ಹೋದ ಮೇಲೂ ನಿಲ್ಲಿಸಲಿಲ್ಲ.

"ಬೀಗ ಹಾಕಿದ ಕೋಣೇಲಿ ಬೆಕ್ಕಿನ ಜೊತೆ ಇದ್ದದ್ದು ಬೆಕ್ಕೊಂದೇ" ಎಂದಳು ದೊಡ್ಡಮ್ಮ. "ಅದರ ನಾಲಿಗೆಯೇ ಅರ, ಉಜ್ಜಿ ಉಜ್ಜಿ ಕೂದಲು ತುಂಡು ಮಾಡತ್ತೆ. ಎಲ್ಲಿ ನಾಲಿಗೆ ಮುಟ್ಟಲ್ವೋ, ಕತ್ತು, ತಲೆ, ಅಲ್ಲಿ ಕೂದಲು ಹಾಗೇ ಇದೆ. ತುಂಡಾದ ಕೂದಲೆಲ್ಲ ಹೊಟ್ಟೆಗೆ ಹೋಗಿದೆ. ಅದೇ ಸುರುಳಿಯಾಗಿ ವಾಂತಿಯಾಗಿದ್ದು, ನಮ್ಮ ಚಿಕ್ಕಮ್ಮ ಮೂಸಿ ನೋಡಿದಾಳಲ್ಲ."

ಚಿಕ್ಕಮ್ಮ ಕೈಯನ್ನು ಇನ್ನೊಮ್ಮೆ ಸೆರಗಿಗೆ ಒರೆಸಿಕೊಂಡಳು.

ರೋಗವಿಲ್ಲ ಎಂದರೆ ತೊಂದರೆಯಿಲ್ಲ ಎಂದಲ್ಲ, ಮನಸ್ಸಿಗೆ ಕಳವಳವಾದರೂ ಬೆಕ್ಕು ಹೀಗೆ ನೆಕ್ಕುತ್ತದೆ, ವೈದ್ಯರು ಹೇಳಹೊರಟಿದ್ದು ಅದನ್ನೇ ಎಂದು ದೊಡ್ಡಮ್ಮ ವಿವರಿಸಿದಳು. ಮೊದಲು ಮೈದುನ ಬಾಗಿಲು ಮುಚ್ಚಿದಾಗ ಎತ್ತರದ ಜಾಗ ಹೋಯಿತು, ನೆಕ್ಕುವುದು ಶುರುವಾಯಿತು. ಅತ್ತಿಗೆ ಕಾಪಾಡಲೆಂದು ಕೂಡಿಹಾಕಿದ್ದು ಶತ್ರುವಿನ ಎದುರಿಗೇ. ಗದರಿಸಿದಾಗ ಭಯ ಹೆಚ್ಚಿತು, ಮುದ್ದು ಮಾಡಿದಾಗ ನೆಕ್ಕಿದರೆ ಟೀಚರಮ್ಮ ಓಡಿ ಬರುತ್ತಾಳೆಂದು ಅದಕ್ಕೆ ಗೊತ್ತಾಯಿತು.

ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಬೇಕು, ಎತ್ತರದ ಜಾಗ ವಾಪಸ್ಸು ಕೊಡಬೇಕು, ದಿನವೂ ಒಂದೇ ಹೊತ್ತಿಗೆ ಆಟವಾಡಿಸಬೇಕು. ನೆಕ್ಕಲು ಶುರುಮಾಡಿದರೆ ಬೈಯದೆ, ಎತ್ತಿಕೊಳ್ಳದೆ, ದೂರದಿಂದ ಆಟಿಕೆ ಆಡಿಸಿ ಗಮನ ತಿರುಗಿಸಬೇಕು. ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಹೋಗಿ, ಈ ಸಲ ಕೊನೆತನಕ ಕೂತು ಕೇಳಬೇಕು.

ಟೀಚರಮ್ಮ ಮೈದುನನ ಕೈಯಿಂದ ಬ್ಯಾಗು ಕಿತ್ತುಕೊಂಡಳು.

"ನಿನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು ಕಣೋ. ಕೇಳದೇನೇ ಬೈದೆ."

"ಬೈದಿದ್ದಕ್ಕೆ ಏನಿಲ್ಲ ಅತ್ತಿಗೆ, ಮೊದಲಿಂದ ಬೈಸ್ಕೊಂಡೇ ಬೆಳೆದಿದೀನಿ" ಎಂದ ಅವನು. "ನಾನಿರೋ ಮನೇಲಿ ಬೀಗ ಹಾಕಿದ್ರಲ್ಲ."

ಅವಳು ಅತ್ತೇಬಿಟ್ಟಳು. ಅಳುತ್ತಲೇ ಹಿಂದಿನ ಕೋಣೆಗೆ ಹೋಗಿ ಬಾಚಣಿಗೆ, ದಾರ, ಅಂಟಿನ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಅವನು ಕಟ್ಟಿಟ್ಟ ಕುಂಚಗಳಿಗೆ ಗಾಜಿನ ಜಾಡಿ ಮುಚ್ಚಿ ಬಾಗಿಲು ತೆರೆದಿಟ್ಟ. ಗಂಡ ವಾರದ ಮೇಲೆ ಬಾಯಿಬಿಟ್ಟು, ಊಟ ಯಾವಾಗ ಎಂದು ಕೇಳಿದ.

ಕೆಲವು ತಿಂಗಳ ನಂತರ ಚಿಕ್ಕಮ್ಮ ಮೇಲೆ ಹೋಗಿದ್ದಾಗ ಅತ್ತಿಗೆ ಆ ಕೋಣೆಯಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು, ಮೈದುನ ಕುಂಚ ಕಟ್ಟುತ್ತಿದ್ದ. ರೇಷ್ಮೆ ಬಿಸಿಲಿನ ಕಟ್ಟೆಯ ಮೇಲೆ ಅಂಗಾತ ಬಿದ್ದುಕೊಂಡಿತ್ತು, ಹೊಟ್ಟೆಯ ತುಂಬ ಬಿಳಿ ಕೂದಲು. ಚಿಕ್ಕಮ್ಮ ಕೆಳಗೆ ಬಂದು ಎಲ್ಲವನ್ನೂ ಅಕ್ಕನಿಗೆ ಒಪ್ಪಿಸಿದಳು.

"ಕೀಲಿ ಈಗಲೂ ಕೊರಳಲ್ಲೇ ಇದೆಯಾ?" ಎಂದು ದೊಡ್ಡಮ್ಮ ಕೇಳಿದಳು.

"ಇಲ್ಲ ಅಕ್ಕ. ಆ ದಾರದ ತುದಿಗೆ ಗರಿ ಕಟ್ಟಿದಾರೆ. ರೇಷ್ಮೆಗೆ ಆಡೋದಕ್ಕೆ."